ಬೀಗ ಹಾಕಿದ ಕಾವುಪೆಟ್ಟಿಗೆ

ಚಳಿಗಾಲ ಮುಗಿಯುತ್ತ ಬಂದಿದ್ದರೂ ಬೆಳಗಿನ ಹೊತ್ತು ಬಾಯಿಂದ ಹಬೆ ಬರುವುದು ನಿಂತಿರಲಿಲ್ಲ. ಅಂಥ ಒಂದು ಸೋಮವಾರ, ಗೇಟಿನವನು ಬೀಗದ ಕೈ ಗೊಂಚಲು ಆಡಿಸುತ್ತ ಸಂಶೋಧನಾಲಯದ ಒಂದೊಂದೇ ಬಾಗಿಲು ತೆಗೆಯುತ್ತಿದ್ದ ಹೊತ್ತಿಗೆ, ಕೆಳಮಹಡಿಯ ಕೊನೆಯ ಕೋಣೆಯಲ್ಲಿ ಗುಬ್ಬಿ ತನ್ನ ಕಾವುಪೆಟ್ಟಿಗೆಯ ಬೀಗ ತೆಗೆದಳು.

ತೆಗೆದವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು.

ಟ್ರೇಯಲ್ಲಿ ಕೋಳಿಮೊಟ್ಟೆಗಳು ಶುಕ್ರವಾರ ಸಂಜೆ ಇಟ್ಟ ಹಾಗೇ ಇದ್ದವು. ಒಂದೂ ಒಡೆದಿರಲಿಲ್ಲ. ಆದರೆ ಚಿಪ್ಪಿನಲ್ಲಿ ಅವಳೇ ಕೊರೆದು ಟೇಪು ಹಚ್ಚಿದ್ದ ಪುಟ್ಟ ಕಿಟಕಿಗಳಿಂದ ಇಣುಕಿದರೆ, ಒಳಗೆ ಅರ್ಧಕ್ಕರ್ಧ ಮರಿಗಳು ಸತ್ತಿದ್ದವು. ಉಳಿದವುಗಳಲ್ಲೂ ಹಲವು ಮುದುಡಿದ್ದವು. ಪೆಟ್ಟಿಗೆಗೆ ಇದ್ದದ್ದು ಒಂದೇ ಕೀಲಿ. ಅದು ಎರಡು ದಿನದ ರಜೆಯುದ್ದಕ್ಕೂ ಅವಳ ಕೊರಳಲ್ಲೇ ಇತ್ತು.

ಮಧ್ಯಾಹ್ನದ ಬಸ್ಸಿಗೆ ಅವಳ ದೊಡ್ಡಮ್ಮ ಬಂದಿಳಿದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರನ್ನು ಇನ್‌ಸ್ಪೆಕ್ಟರಮ್ಮ ಎನ್ನುವುದನ್ನು ಜನ ಬಿಟ್ಟಿರಲಿಲ್ಲ. ಮನುಷ್ಯರ ಬಗ್ಗೆ ಅವರಿಗೆ ಅಂಥ ದೊಡ್ಡ ಅಭಿಪ್ರಾಯವೇನೂ ಉಳಿದಿರಲಿಲ್ಲ. ಕಳ್ಳರನ್ನು ಅವರು ಹೇಗೋ ಸಹಿಸಿಕೊಳ್ಳುತ್ತಿದ್ದರು. ದೊಡ್ಡ ಮನುಷ್ಯರನ್ನು ಸಹಿಸುವುದು ಕಷ್ಟವಾಗುತ್ತಿತ್ತು.

"ಅತ್ತಿದ್ದು ಸಾಕು, ಮುಖ ತೊಳ್ಕೊ. ಗುರುವಾರ ಏನಿದೆ ಅಂದೆ ಫೋನಲ್ಲಿ?" ಎಂದರು.

"ನಿರ್ದೇಶಕಿ ಬರ್ತಾರೆ ದೊಡ್ಡಮ್ಮ. ನನ್ನನ್ನ ಇಟ್ಕೋಬೇಕಾ ಬೇಡ್ವಾ ಅಂತ ಅವತ್ತೇ ತೀರ್ಮಾನ. ಈ ಮೊಟ್ಟೆಗಳನ್ನೇ ತೋರಿಸೋದಿತ್ತು. ಸರ್ ಬೆಳಿಗ್ಗೆನೇ ಹೇಳಿಬಿಟ್ರು, ಇದು ಕೊಳಕು ಕೈಯ ಕೆಲಸ, ಸೋಂಕು ತಗುಲಿದೆ ಅಂತ. ಹಾಗಂತ ಬರೆದು ಕಳಿಸ್ತಾರಂತೆ. ಅಂಥ ಹೆಸರು ಹೊತ್ಕೊಂಡು ಹೋದವಳನ್ನ ಇನ್ನು ಯಾವ ಪ್ರಯೋಗಶಾಲೆಯಲ್ಲೂ ಬಾಗಿಲ ಒಳಗೆ ಬಿಡಲ್ಲ."

"ನಿನ್ನ ಜಾಗ ಯಾರಿಗೆ?"

"ಅವರ ಅಳಿಯನಿಗೆ."

"ಸರಿ. ಇಲ್ಲಿ ನೀನು ಮಾಡೋದೇನು ಅಂತ ಮೊದಲು ಹೇಳು. ನನಗೆ ಅರ್ಥ ಆಗೋ ಹಾಗೆ ಹೇಳಬೇಕು. ಇಲ್ಲದಿದ್ರೆ ಮುಂದಿನ ಬಸ್ಸಿದೆ."

ಗುಬ್ಬಿ ಮೂಗೊರೆಸಿಕೊಂಡಳು. "ಮೊಟ್ಟೆಯೊಳಗಿನ ಮರಿಗೆ ಮೊದಲು ರೆಕ್ಕೆ ಇರಲ್ಲ. ಪಕ್ಕದಲ್ಲಿ ಒಂದು ಮೊಗ್ಗು ಇರುತ್ತೆ, ಅಷ್ಟೇ. ರೆಕ್ಕೆಯೊಳಗಿನ ಮೂರು ಬೆರಳು ಅದರಲ್ಲೇ ಮೂಡಬೇಕು. ಆ ಮೊಗ್ಗಿನ ಹಿಂದಿನ ಅಂಚಲ್ಲಿರೋ ಜೀವಕೋಶಗಳು ಒಂದು ದ್ರವ್ಯ ಬಿಡ್ತವೆ. ಅದು ಮುಂದಕ್ಕೆ ಹರಡುತ್ತೆ. ಹತ್ತಿರ ದಟ್ಟ, ದೂರ ಹೋದ ಹಾಗೆ ತೆಳು. ಇದಕ್ಕೇ ಇಳಿಜಾರು ಅನ್ನೋದು. 'ನನ್ನ ಸುತ್ತ ತುಂಬಾ ಇದೆ, ಹಾಗಾದ್ರೆ ನಾನು ಕೊನೇ ಬೆರಳು', 'ನನಗೆ ಬರೀ ವಾಸನೆ ಬರ್ತಿದೆ, ಹಾಗಾದ್ರೆ ನಾನು ಮೊದಲ ಬೆರಳು' — ಹೀಗೆ ಒಂದೊಂದು ಜೀವಕೋಶವೂ ತಾನೆಲ್ಲಿದ್ದೀನಿ ಅಂತ ತಿಳ್ಕೊಳ್ಳುತ್ತೆ."

"ಬಸ್ಸಲ್ಲಿ ಸೆಂಟು ಹಾಕ್ಕೊಂಡವನು ಎಷ್ಟು ಸೀಟು ಆಚೆ ಕೂತಿದ್ದಾನೆ ಅಂತ ಮೂಗಿಗೆ ತಿಳಿಯೋ ಹಾಗೆ."

"ಅದೇ! ಹಾಗಾದ್ರೆ ಆ ದ್ರವ್ಯ ನೆನೆಸಿದ ಒಂದು ಮಣಿನ ಮೊಗ್ಗಿನ ಮುಂದಿನ ಅಂಚಿಗೂ ಇಟ್ರೆ? ಎರಡೂ ಕಡೆಯಿಂದ ದಟ್ಟ. ಬೆರಳುಗಳು ಕನ್ನಡಿ ಹಿಡಿದ ಹಾಗೆ ಎರಡು ಸಲ ಮೂಡ್ತವೆ. ನಾನು ನೋಡ್ತಿರೋದು, ಮಣಿ ಎಷ್ಟು ಹೊತ್ತು ಇದ್ರೆ ಯಾವ ಬೆರಳು ಅಂತ."

"ಇದಕ್ಕೆ ಯಾರದ್ದು ತಕರಾರು?"

"ಹೊರಗಿನ ಪ್ರಪಂಚ ಒಪ್ಪಿ ಎಷ್ಟೋ ಕಾಲ ಆಯ್ತು ದೊಡ್ಡಮ್ಮ. ಈ ಕಟ್ಟಡ ಮಾತ್ರ ಇನ್ನೂ ಒಪ್ಪಿಲ್ಲ. ಸರ್ ಪ್ರಕಾರ ಯಾವ ಬೆರಳು ಯಾವುದು ಅನ್ನೋದು ಜೀವಕೋಶದ ಹಣೆಯಲ್ಲೇ ಬರೆದಿರುತ್ತೆ. ದೂರ, ಹತ್ತಿರ ಎಲ್ಲ ಬೊಗಳೆ ಅಂತಾರೆ."

ಇನ್‌ಸ್ಪೆಕ್ಟರಮ್ಮ ಮೇಜಿನ ಕಡೆ ತಿರುಗಿದರು. ಗುಬ್ಬಿ ಮೊಟ್ಟೆಗಳನ್ನು ಟ್ರೇಯಿಂದ ತೆಗೆದು, ಬೆಳಿಗ್ಗೆ ಕಂಡ ಹಾಗೆ ಸತ್ತದ್ದು, ಮುದುಡಿದ್ದು, ಚೆನ್ನಾಗಿದ್ದದ್ದು ಎಂದು ಒಂದೊಂದರ ಮೇಲೂ ಬರೆದು, ಮೂರು ಗುಂಪು ಮಾಡಿದ್ದಳು. ಕೆಂಪು ಚುಕ್ಕೆಯವು ದ್ರವ್ಯದ ಮಣಿ ಇಟ್ಟವು, ನೀಲಿ ಚುಕ್ಕೆಯವು ಬರಿಯ ಮಣಿ ಇಟ್ಟವು, ಚುಕ್ಕೆಯಿಲ್ಲದವು ಏನೂ ಇಡದವು. ಮೂರು ಗುಂಪಿನಲ್ಲೂ ಸತ್ತವೂ ಇದ್ದವು, ಬದುಕಿದವೂ ಇದ್ದವು. ಅದರಲ್ಲಿ ಒಂದು ಕ್ರಮವೇ ಕಾಣುತ್ತಿರಲಿಲ್ಲ.

"ಸರ್ ಹೇಳೋದೂ ಅದೇ," ಎಂದಳು ಗುಬ್ಬಿ. "ಕ್ರಮ ಇಲ್ಲ ಅಂದ್ರೆ ಸೋಂಕು. ನಾನು ಬೆಳಿಗ್ಗೆಯಿಂದ ನೋಡ್ತಿದ್ದೀನಿ. ನನಗೂ ಉತ್ತರ ಇಲ್ಲ."

ಇನ್‌ಸ್ಪೆಕ್ಟರಮ್ಮ "ಸರ್" ಎನ್ನುವವರನ್ನು ನೋಡಲು ಎದ್ದರು.

*

ವಿಭಾಗದ ಮುಖ್ಯಸ್ಥರ ಕೋಣೆ ಗುಬ್ಬಿಯ ಕೋಣೆಗೆ ಅಂಟಿಕೊಂಡೇ ಇತ್ತು. ನಡುವೆ ಹಲಗೆಯ ಗೋಡೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮುಖ್ಯಸ್ಥರಲ್ಲ, ಮುಖ್ಯಸ್ಥರ ಫೋಟೋಗಳು. ಯಾರ ಯಾರ ಕೈಯನ್ನೋ ಕುಲುಕುತ್ತಿರುವ ಮುಖ್ಯಸ್ಥರು, ಮೈಕಿನ ಮುಂದೆ ಬೆರಳೆತ್ತಿದ ಮುಖ್ಯಸ್ಥರು. ಹಲಗೆ ಗೋಡೆಯ ಮೇಲೊಂದು ಹಿತ್ತಾಳೆ ಚೌಕಟ್ಟಿನ ತಾಪಮಾಪಕ. ಕಪಾಟಿನ ಮೇಲೆ, ಬೆಳಕು ಬೀಳುವ ಕಡೆ, ಮೇಣ ಹಚ್ಚಿ ಮುಚ್ಚಿದ ದೊಡ್ಡ ಗಾಜಿನ ಸೀಸೆ. ಅದರೊಳಗೆ ಒಂದು ಬಿಳಿಚಿದ ಕೋಳಿಮರಿ, ರೆಕ್ಕೆ ಚಾಚಿಕೊಂಡು, ಫಾರ್ಮಲಿನ್‌ನಲ್ಲಿ ಕುತ್ತಿಗೆಮಟ್ಟ ಮುಳುಗಿ ನಿಂತಿತ್ತು.

ಮುಖ್ಯಸ್ಥರು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಣ್ಣು ಕೆಂಡದ ಹಾಗಿತ್ತು.

"ನೋಡಿ ಅಮ್ಮ, ಕಣ್ಣು ಹೇಗಾಗಿದೆ. ಬೆಳಿಗ್ಗೆಯಿಂದ ನಿಲ್ತಾನೇ ಇಲ್ಲ. ಅಷ್ಟು ಜೀವಗಳು ಹೋದವಲ್ಲ! ನಾನು ಮೃದು ಮನಸ್ಸಿನವನು."

"ಕಾಣ್ತಿದೆ," ಎಂದರು ಇನ್‌ಸ್ಪೆಕ್ಟರಮ್ಮ. "ರಜೆಯಲ್ಲಿ ಇಲ್ಲಿಗೆ ಯಾರು ಬಂದಿದ್ರು?"

"ನಾನು ಭಾನುವಾರ ಬಂದಿದ್ದೆ. ಭಾಷಣ ಬರೀಬೇಕಿತ್ತು. ನಾನೊಬ್ಬನೇ. ಆದರೆ ಪೆಟ್ಟಿಗೆ ಬೀಗ ಹಾಕಿತ್ತಲ್ಲ? ಕೀಲಿ ನಿಮ್ಮ ಹುಡುಗಿ ಹತ್ರಾನೇ ಇತ್ತಲ್ಲ? ತನ್ನ ತಪ್ಪಿಗೆ ಬೇರೆಯವರನ್ನ ಹುಡುಕೋದು ಯಾಕೆ? ಹುಡುಗಿ ಒಳ್ಳೆಯವಳೇ, ಕೈ ಶುದ್ಧ ಇಲ್ಲ, ಅಷ್ಟೇ. ಎಲ್ಲರಿಗೂ ಈ ಕೆಲಸ ಒಗ್ಗಲ್ಲ."

"ಈ ಸೀಸೆ?"

ಮುಖ್ಯಸ್ಥರ ಎದೆ ಉಬ್ಬಿತು. "ಇದಾ! ನನ್ನ ಹೆಸರು ಮಾಡಿದ್ದೇ ಇದು. ಬೆರಳಿನ ಭವಿಷ್ಯ ಮೊದಲೇ ಬರೆದಿರುತ್ತೆ ಅಂತ ನಾನು ಹೇಳಿದ್ದು ಇದನ್ನ ನೋಡೇ. ಈಗಿನವರು ಇಳಿಜಾರು, ಸಾಂದ್ರತೆ ಅಂತ ಏನೇನೋ ಹಾಡ್ತಾರೆ. ಹಾಡ್ಲಿ ಬಿಡಿ."

"ನಿಮ್ಮ ಅಳಿಯ ಎಲ್ಲಿ?"

"ಮಗಳ ಜೊತೆ ಬೀಗರ ಮನೆಗೆ ಹೋಗಿದ್ದ. ಇವತ್ತು ಬೆಳಿಗ್ಗೆ ಬಂದ."

ಅಳಿಯ ಮೊಗಸಾಲೆಯಲ್ಲೇ ಸಿಕ್ಕಿದ. ಎಣ್ಣೆ ಹಚ್ಚಿ ಬಾಚಿದ ತಲೆ, ಒಂದು ಗೆರೆಯೂ ಬೀಳದ ಅಂಗಿ. ಮಾವನ ಕೋಣೆಯ ಕೀಲಿ ಇದೆಯೇ ಎಂದು ಕೇಳಿದ್ದಕ್ಕೆ ನಗು ಬಂತು ಅವನಿಗೆ.

"ನನಗಾ? ಅಯ್ಯೋ, ಮಾವ ಅದನ್ನ ಗೇಟಿನವನಿಗೂ ಕೊಡಲ್ಲ, ಅತ್ತೆ ಕೈಗೂ ಕೊಡಲ್ಲ. ಅವರಿದ್ದಾಗ ಒಳಗೆ ಹೋಗಿ ಧೂಳು ಒರೆಸಿ ಬರ್ತೀನಿ. ಆ ಸೀಸೆನ ಬೇರೆಯವರು ಮುಟ್ಟೋ ಹಾಗಿಲ್ಲ, ನಾನೇ ಒರೆಸಬೇಕು. ಅಳಿಯತನ ಅಂದ್ರೆ ಸುಮ್ನೆನಾ?"

"ಇಷ್ಟೆಲ್ಲ ಓದಿದ್ದು ಸೀಸೆ ಒರೆಸೋಕಾ?"

"ಗುರುವಾರದ ತನಕ ತಾನೇ," ಎಂದ ಅಳಿಯ. ಅಂದಮೇಲೆ ಅನ್ನಬಾರದಿತ್ತು ಎನಿಸಿರಬೇಕು, ಬೇಗ ಬೇಗ ಹೆಜ್ಜೆ ಹಾಕಿದ.

ಉಳಿದವನು ಯಂತ್ರಗಳ ರಿಪೇರಿ ಮಾಡುವ ಮೆಕ್ಯಾನಿಕ್. ಎಲ್ಲರೂ ಅವನನ್ನು ನಟ್ಟು ಎನ್ನುತ್ತಿದ್ದರು. ಏನಾದರೂ ಕೆಟ್ಟರೆ ಮೊದಲು ಬೈಸಿಕೊಳ್ಳುವುದು ತಾನೇ ಎಂದು ಗೊತ್ತಿದ್ದರಿಂದ, ಕೇಳುವ ಮೊದಲೇ ಶುರು ಮಾಡಿದ.

"ನಾನು ಮುಟ್ಟಿಲ್ಲ ಅಮ್ಮ. ಆ ಪೆಟ್ಟಿಗೆ ನನಗಿಂತ ಮುಂಚೆ ಇಲ್ಲಿ ಕೆಲಸಕ್ಕೆ ಸೇರಿದ್ದು. ಅದರಲ್ಲಿ ಕೆಡೋಕೆ ಏನೂ ಉಳಿದಿಲ್ಲ. ಒಂದು ಬಿಸಿ ಸುರುಳಿ ಇದೆ, ಅಷ್ಟೇ. ಫ್ಯಾನ್ ಕೂಡ ಇಲ್ಲ."

"ಫ್ಯಾನ್ ಇಲ್ಲ? ಒಳಗೆ ಗಾಳಿ ಆಡಲ್ವಾ?"

"ಇಟ್ಟ ಗಾಳಿ ಇಟ್ಟಲ್ಲೇ ಇರುತ್ತೆ. ಫ್ಯಾನ್ ಇರೋ ಹೊಸ ಪೆಟ್ಟಿಗೆ ಮುಂದಿನ ಹಜಾರದಲ್ಲಿ ಗಾಜಿನೊಳಗಿದೆ, ನೋಡಿಲ್ವಾ? ಬಂದೋರಿಗೆ ತೋರ್ಸೋಕೆ. ಅದರಲ್ಲಿ ಮೊಟ್ಟೆ ಇಟ್ರೆ ಕೊಳೆಯಾಗುತ್ತಂತೆ! ಸಾಹೇಬ್ರ ಹುಕುಂ. ಪಾಪ, ಆ ಹುಡುಗಿಗೆ ಈ ತಗಡು ಡಬ್ಬ ಕೊಟ್ಟಿದ್ದಾರೆ."

"ಈ ಡಬ್ಬಕ್ಕೆ ಬಾಗಿಲು ಬಿಟ್ರೆ ಬೇರೆ ದಾರಿ?"

ನಟ್ಟು ತಲೆ ಕೆರೆದುಕೊಂಡ. "ದಾರಿ ಎಲ್ಲಿಂದ ಬಂತಮ್ಮ? ಇಲಿ ಕೂಡ ನುಗ್ಗಲ್ಲ."

*

ಮಂಗಳವಾರ ಇನ್‌ಸ್ಪೆಕ್ಟರಮ್ಮ ಏನೂ ಮಾಡಲಿಲ್ಲ ಎಂದು ಸಂಶೋಧನಾಲಯದಲ್ಲಿ ಎಲ್ಲರಿಗೂ ಅನ್ನಿಸಿತು. ಗುಬ್ಬಿಯ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಮೊಟ್ಟೆ ನೋಡುತ್ತ ಕೂತಿದ್ದರು. ಮುಖ್ಯಸ್ಥರು ಎರಡು ಸಲ ಇಣುಕಿ, "ಏನಮ್ಮ, ಮರಿ ಮಾಡಿಸ್ತೀರಾ?" ಎಂದು ನಕ್ಕು ಹೋದರು. ಅಳಿಯ ಅಳತೆ ಟೇಪು ತಂದು ಗುಬ್ಬಿಯ ಮೇಜಿನ ಉದ್ದ ಅಗಲ ನೋಡಿದ. ಅವಳು ಅಲ್ಲೇ ಕೂತಿದ್ದಾಗಲೇ!

"ಗೋಡೆನೂ ಅಳೆಯಪ್ಪ," ಎಂದಳು ಗುಬ್ಬಿ. "ಫೋಟೋ ಹಾಕ್ಬೇಕಲ್ಲ."

ಬುಧವಾರ ಬೆಳಿಗ್ಗೆ ಇನ್‌ಸ್ಪೆಕ್ಟರಮ್ಮ ಒಂದು ಮೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಪೆನ್ಸಿಲಿನ ಸಣ್ಣ ಗುರುತಿತ್ತು.

"ಇದೇನು? 'ಇ-ನಾಲ್ಕು' ಅಂತ?"

"ಅದು ಜಾಗ. ಅ, ಆ, ಇ, ಈ ಅಂತ ಸಾಲು. ಕಿಟಕಿ ತೆಗೆದು ನೋಡಿದ ಮೇಲೆ ಅದನ್ನ ಅದರ ಜಾಗಕ್ಕೇ ವಾಪಸ್ ಇಡ್ಬೇಕಲ್ಲ, ಅದಕ್ಕೆ. ಒಂದು ಗುಂಪಿನವೆಲ್ಲ ಒಂದೇ ಕಡೆ ಇರಬಾರದು ಅಂತ ಬೆರೆಸಿ ಇಟ್ಟಿರ್ತೀವಿ."

"ಮತ್ತೆ ಸತ್ತ ಮೇಲೆ ಯಾರಾದ್ರೂ ಅವನ್ನ ಅವುಗಳ ಜಾಗದಲ್ಲಿ ಇಟ್ಟು ನೋಡಿದ್ರಾ?"

"ಯಾಕೆ ನೋಡ್ತಾರೆ? ನಾವು ನೋಡೋದು ಗುಂಪನ್ನ. ಚುಕ್ಕೆ ನೋಡಿ ವಿಂಗಡಿಸೋದು, ಲೆಕ್ಕ ಹಾಕೋದು. ಮೊದಲಿಂದ ಹಾಗೇ—"

ಗುಬ್ಬಿ ಖಾಲಿ ಟ್ರೇಯ ಕಡೆ ತಿರುಗಿದಳು.

"ಇಡು," ಎಂದರು ಇನ್‌ಸ್ಪೆಕ್ಟರಮ್ಮ.

ಇಬ್ಬರೂ ಸೇರಿ ಟ್ರೇಯನ್ನು ಮತ್ತೆ ತುಂಬಿದರು. ತುಂಬಿ ಮುಗಿಯುವ ಮೊದಲೇ ಇಬ್ಬರಿಗೂ ಕಂಡಿತು. ಹಿಂದಿನ ಎಡಮೂಲೆಯ ಮರಿಗಳು ಎಲ್ಲವೂ ಸತ್ತಿದ್ದವು. ಅವುಗಳ ಸುತ್ತ, ಬಾಗಿದ ಪಟ್ಟಿಯ ಹಾಗೆ, ಸತ್ತವೂ ಮುದುಡಿದವೂ ಬೆರೆತಿದ್ದವು. ಅದರಾಚೆ ಬರೀ ಬೆಳವಣಿಗೆ ಕುಂಟಿದವು. ಮುಂದಿನ ಬಲಮೂಲೆಯವು, ಬಾಗಿಲ ಪಕ್ಕದವು, ಗುಂಡುಕಲ್ಲಿನ ಹಾಗೆ ಚೆನ್ನಾಗಿದ್ದವು. ಕೆಂಪು, ನೀಲಿ, ಖಾಲಿ ಎಂಬ ಭೇದವೇ ಇರಲಿಲ್ಲ.

"ಸೋಂಕು ಹೀಗೆ ಸಾಲು ನೋಡಿ ಕೊಲ್ಲುತ್ತಾ?"

"ಇಲ್ಲ," ಎಂದಳು ಗುಬ್ಬಿ. "ಇದು... ಇದು ಇಳಿಜಾರು ದೊಡ್ಡಮ್ಮ. ಆ ಮೂಲೆಯಿಂದ ಏನೋ ಹರಡಿದೆ."

"ಗ್ಯಾಸ್ ಸಿಲಿಂಡರ್ ಸಿಡಿದ ಬೀದಿಗೆ ನಾನು ಹೋಗಿದ್ದೆ ಒಂದ್ಸಲ. ಎಲ್ಲರೂ ಸಿಲಿಂಡರ್ ಎಲ್ಲಿತ್ತು ಅಂತ ಬೂದಿ ಕೆದಕ್ತಿದ್ರು. ನಾನು ಬೀದಿಯುದ್ದಕ್ಕೂ ಕಿಟಕಿ ಗಾಜು ನೋಡ್ಕೊಂಡು ಹೋದೆ. ಪುಡಿಯಾದದ್ದು, ಒಡೆದದ್ದು, ಬರೀ ಬಿರುಕು ಬಿಟ್ಟದ್ದು. ಮನೆ ತಾನೇ ಸಿಕ್ತು." ಅವರು ಪೆಟ್ಟಿಗೆಯೊಳಗೆ ತಲೆ ತೂರಿಸಿದರು. "ಆ ಮೂಲೆಯಲ್ಲಿ ಒಂದು ತಂತಿ ಇದೆಯಲ್ಲ. ಎಲ್ಲಿಗೆ ಹೋಗುತ್ತೆ?"

"ಅದಾ? ಸರ್ ಕೋಣೆಯ ತಾಪಮಾಪಕಕ್ಕೆ. ಬಂದೋರಿಗೆ ಕೂತಲ್ಲಿಂದಲೇ 'ಪಕ್ಕದ ಪೆಟ್ಟಿಗೆಯ ಬಿಸಿ ನೋಡಿ' ಅಂತ ತೋರಿಸಬೇಕು ಅವರಿಗೆ. ಪೆಟ್ಟಿಗೆಯ ಬೆನ್ನು, ಅದು ಒರಗಿರೋ ಹಲಗೆ ಗೋಡೆ, ಎರಡನ್ನೂ ಕೊರೆದು, ರಬ್ಬರ್ ಬಿರಡೆ ಹಾಕಿ ಎಳೆದಿದ್ದಾರೆ. ಎಷ್ಟೋ ಕಾಲದಿಂದ ಇದೆ. ನಾವು ಅದನ್ನ ತೂತು ಅಂತ ಅಂದ್ಕೊಂಡೇ ಇಲ್ಲ. ತಂತಿ ಅಂದ್ಕೊಂಡಿದ್ವಿ."

ಇನ್‌ಸ್ಪೆಕ್ಟರಮ್ಮ ಒಂದು ಸಣ್ಣ ಚಿಮುಟ ಕೇಳಿದರು. ತಂತಿಗೆ ಸುತ್ತಿಕೊಂಡಿದ್ದ, ಹತ್ತಿಯ ಎರಡು ಬಿಳಿ ಎಳೆಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿಟ್ಟರು.

*

ಗುರುವಾರ ನಿರ್ದೇಶಕಿ ಬಂದರು. ಸಣ್ಣ ಮೈಯ, ಕಡಿಮೆ ಮಾತಿನ ಹೆಂಗಸು. ಮುಖ್ಯಸ್ಥರು ಬಾಗಿಲಿಗೇ ಹೋಗಿ ಬರಮಾಡಿಕೊಂಡು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅಳಿಯ ಹೊಸ ಅಂಗಿ ತೊಟ್ಟಿದ್ದ. ಗುಬ್ಬಿ ಟ್ರೇಯನ್ನು ಹೊತ್ತು ತಂದು ಮೇಜಿನ ಮೇಲಿಟ್ಟಳು. ನಟ್ಟು ಬಾಗಿಲಲ್ಲಿ ನಿಂತ.

"ಇದೇನಿದು ಸಂತೆ?" ಎಂದರು ಮುಖ್ಯಸ್ಥರು.

"ನಾನೇ ಕರೆದೆ," ಎಂದರು ಇನ್‌ಸ್ಪೆಕ್ಟರಮ್ಮ. ನಿರ್ದೇಶಕಿಗೆ ಟ್ರೇ ತೋರಿಸಿದರು. ಹೆಚ್ಚು ಹೇಳಬೇಕಾಗಲಿಲ್ಲ. ಆಕೆ ಒಮ್ಮೆ ಮೊಟ್ಟೆಗಳನ್ನು, ಒಮ್ಮೆ ಪೆನ್ಸಿಲ್ ಗುರುತನ್ನು ನೋಡಿ, "ಹಿಂದಿನ ಎಡಮೂಲೆ," ಎಂದರು.

"ಆ ಮೂಲೆಗೆ ಎದುರಾಗಿ ಈ ಕಡೆ ಏನಿದೆ ನೋಡಿ."

ಎಲ್ಲರ ಕಣ್ಣೂ ಹಿತ್ತಾಳೆಯ ತಾಪಮಾಪಕದ ಮೇಲೆ ಹೋಯಿತು. ನಟ್ಟು ಹೋಗಿ ಅದನ್ನು ಕೆಳಗಿಳಿಸಿದ. ಹಿಂದೆ ರಬ್ಬರ್ ಬಿರಡೆ. ಎಳೆದ ಕೂಡಲೇ ಬಂತು. "ನಾನು ಹಾಕಿದಾಗ ಗೋಂದು ಹಚ್ಚಿದ್ದೆ. ಯಾರೋ ಕಿತ್ತಿದ್ದಾರೆ," ಎಂದ.

ಮುಖ್ಯಸ್ಥರು ನಕ್ಕರು. "ನನ್ನ ಕೋಣೆಯಲ್ಲಿ ತೂತಿದ್ರೆ ನಾನು ಕೊಲೆಗಾರನಾ? ಈ ಕೋಣೆಗೆ ದಿನಕ್ಕೆ ಎಷ್ಟು ಜನ ಬರ್ತಾರೆ!"

"ಶುಕ್ರವಾರ ಸಂಜೆ ಮೊಟ್ಟೆ ಚೆನ್ನಾಗಿದ್ವು. ಸೋಮವಾರ ಬೆಳಿಗ್ಗೆ ಸತ್ತಿದ್ವು. ನಡುವೆ ಬಂದವರು ನೀವೊಬ್ಬರೇ. ಅದನ್ನ ನೀವೇ ಹೇಳಿದ್ರಿ. ಕೀಲಿ ನಿಮ್ಮೊಬ್ಬರ ಹತ್ರಾನೇ ಇರೋದು. ಅದನ್ನ ನಿಮ್ಮ ಅಳಿಯ ಹೇಳಿದ್ರು."

"ಬಂದೆ, ಭಾಷಣ ಬರೆದೆ, ಹೋದೆ. ಕೊಲ್ಲೋಕೆ ನನ್ನ ಹತ್ರ ಏನಿತ್ತು? ಉಗ್ರಾಣದಿಂದ ಏನಾದ್ರೂ ತಗೊಂಡಿದ್ದೀನಾ? ಕೇಳಿ ನೋಡಿ!"

"ತಗೊಂಡಿಲ್ಲ. ಅಲ್ಲಿ ಕೇಳಿದ್ರೆ ನಾಲ್ಕು ಜನಕ್ಕೆ ತಿಳಿಯುತ್ತಲ್ಲ. ಈ ಸೀಸೆಯಿಂದ ತಗೊಂಡ್ರಿ." ಇನ್‌ಸ್ಪೆಕ್ಟರಮ್ಮ ಕಪಾಟಿನ ಕಡೆ ಕೈ ತೋರಿಸಿದರು. "ಸೋಮವಾರ ನಾನು ಬಂದಾಗ ಈ ಮರಿ ಕುತ್ತಿಗೆಮಟ್ಟ ಮುಳುಗಿತ್ತು, ತಲೆ ಮೇಲಿತ್ತು. ಸತ್ತ ಪ್ರಾಣಿನ ಕೆಡದ ಹಾಗೆ ಇಡೋಕೆ ಯಾರಾದ್ರೂ ಹೀಗೆ ಅರ್ಧ ಮುಳುಗಿಸ್ತಾರಾ? ಗಾಜಿನ ಮೇಲೆ ಹಳೇ ಮಟ್ಟದ ಗೆರೆ ಇದೆ, ತಲೆಗಿಂತ ಮೇಲೆ. ಮುಚ್ಚಳದ ಮೇಣ ಹೊಸದು. ಸುರಿಯುವಾಗ ಮುಖಕ್ಕೆ ಆವಿ ಹೊಡೀತು. ಕಣ್ಣು ಹೀಗಾಯ್ತು. ಮರಿಗಳಿಗೋಸ್ಕರ ಅತ್ತಿದ್ದು ಅಂದ್ರಿ. ನಿಮ್ಮ ಕಣ್ಣೀರನ್ನೂ ಫಾರ್ಮಲಿನ್ನೇ ತರಿಸಬೇಕಾಯ್ತು."

"ಅದು ಆರಿರೋದು! ವರ್ಷಗಳಿಂದ ಆರ್ತಾ ಬಂದಿದೆ!"

ನಿರ್ದೇಶಕಿ ಅಳಿಯನ ಕಡೆ ನೋಡಿದರು. ಅಳಿಯ ಮಾವನ ಕಡೆ ನೋಡಿದ. ಆಮೇಲೆ, ಯಾರೂ ತಳ್ಳದಿದ್ದರೂ, ಮಾವನಿಂದ ಒಂದು ಹೆಜ್ಜೆ ಆಚೆ ಸರಿದ.

"ಶುಕ್ರವಾರ ನಾನೇ ಒರೆಸಿದ್ದೆ," ಎಂದ. "ತುಂಬಿತ್ತು."

"ಲೋ!" ಎಂದರು ಮುಖ್ಯಸ್ಥರು.

"ತುಂಬಿತ್ತು ಮಾವ. ನನ್ನ ಮೇಲೆ ಬರಬಾರದಲ್ಲ."

ಅಳಿಯನ ಈ ಸತ್ಯನಿಷ್ಠೆಯನ್ನು ಇನ್‌ಸ್ಪೆಕ್ಟರಮ್ಮ ಕಾಲಿಗೆ ತಗುಲಿದ ಕಸದ ಹಾಗೆ ನೋಡಿದರು. ಅವನಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

"ಹತ್ತಿ ನೆನೆಸಿ ತೂತಿಗೆ ತುರುಕಿದ್ರಿ. ಹೊರಡುವಾಗ ಎಳ್ಕೊಂಡ್ರಿ, ಬೆಳಗಾಗೋದ್ರೊಳಗೆ ವಾಸನೆ ಹೋಗಿತ್ತು. ಎರಡು ಎಳೆ ಅಲ್ಲೇ ಉಳೀತು. ನಿಮ್ಮ ಜಾಗದಲ್ಲಿ ಬೇರೆ ಯಾರೇ ಇದ್ದಿದ್ರೂ ಒಂದು ಮಾತು ಯೋಚನೆ ಮಾಡ್ತಿದ್ರು, ಆವಿ ಒಂದು ಕಡೆಯಿಂದ ಹೋದ್ರೆ ಹತ್ತಿರದ್ದು ಸಾಯುತ್ತೆ, ದೂರದ್ದು ಉಳಿಯುತ್ತೆ, ಅದನ್ನ ನೋಡಿದವರು ನನ್ನ ಗೋಡೆಗೇ ಬರ್ತಾರೆ ಅಂತ. ಫ್ಯಾನ್ ಇರೋ ಹೊಸ ಪೆಟ್ಟಿಗೆನ ಹುಡುಗಿಗೆ ಕೊಟ್ಟಿದ್ರೂ ಬಚಾವಾಗ್ತಿದ್ರಿ. ಗಾಳಿ ಕಲಸಿ ಎಲ್ಲ ಒಂದೇ ಥರ ಸಾಯ್ತಿದ್ವು. ಅದನ್ನ ಕೊಡೋಕೆ ಕೈ ಬರಲಿಲ್ಲ. ದೂರ, ಹತ್ತಿರ ಎಲ್ಲ ಬೊಗಳೆ ಅಂತ ಇಷ್ಟು ವರ್ಷ ಭಾಷಣ ಮಾಡಿದ್ದು ಬರೀ ಹೊಟ್ಟೆಪಾಡಿಗೆ ಅಂದ್ಕೊಂಡಿದ್ದೆ. ಇಲ್ಲ, ನೀವು ಅದನ್ನ ನಿಜವಾಗಿ ನಂಬಿದ್ದೀರಿ. ನಾನು ಹಿಡಿದವರಲ್ಲಿ ತನ್ನ ಸುಳ್ಳನ್ನ ತಾನೇ ನಂಬಿ ಸಿಕ್ಕಿಬಿದ್ದವರು ನೀವೊಬ್ಬರೇ."

ಮುಖ್ಯಸ್ಥರು ಕೂರಲು ನೋಡಿದರೆ ಅವರ ಕುರ್ಚಿಯಲ್ಲಿ ನಿರ್ದೇಶಕಿ ಇದ್ದರು. "ನಾಲ್ಕು ಮೊಟ್ಟೆಗೆ ಇಷ್ಟೊಂದಾ?" ಎಂದರು ಕೊನೆಗೆ. "ಅವಳು ಗೆದ್ದಿದ್ರೆ ಈ ಸೀಸೆ ಎದುರು ನಿಂತು ಹುಡುಗರು ನಗ್ತಿದ್ರು ಮೇಡಂ. ನನ್ನ ಕಟ್ಟಡದಲ್ಲೇ!"

ನಿರ್ದೇಶಕಿ ಗುಬ್ಬಿಯ ಕಡೆ ತಿರುಗಿದರು. "ಮತ್ತೆ ಶುರು ಮಾಡೋಕೆ ಏನು ಬೇಕು?"

"ಮೊಟ್ಟೆ ಬೇಕು ಮೇಡಂ. ಮತ್ತೆ ಹಜಾರದಲ್ಲಿರೋ ಆ ಪೆಟ್ಟಿಗೆ."

"ತಗೊಳ್ಳಿ."

ಹೊರಗೆ ಬಂದಮೇಲೆ ಇನ್‌ಸ್ಪೆಕ್ಟರಮ್ಮ ಹೇಳಿದರು: "ಈ ಟ್ರೇ ಚಿತ್ರಾನೇ ಹಾಕಿಬಿಡೇ ನಿನ್ನ ವರದಿಯಲ್ಲಿ. ದೂರ ಹತ್ತಿರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

ಗುಬ್ಬಿ ತಲೆಯಲ್ಲಾಡಿಸಿದಳು. "ಆಗಲ್ಲ ದೊಡ್ಡಮ್ಮ. ಇದು ವಿಷ. ಯಾರು ಸತ್ತರು, ಯಾರು ಉಳಿದರು ಅಂತ ಹೇಳುತ್ತೆ, ಅಷ್ಟೇ. ಬೆರಳು ಹೇಗೆ ಆಯ್ತು ಅಂತ ಹೇಳಲ್ಲ. ಬದುಕಿದವನ್ನೂ ನಾನು ಲೆಕ್ಕಕ್ಕೆ ಹಿಡಿಯಲ್ಲ. ಮೊದಲಿಂದ ಮಾಡ್ತೀನಿ."

"ನಿನ್ನಮ್ಮನ ಹಟವೇ ಬಂದಿದೆ ನಿನಗೆ," ಎಂದರು ಇನ್‌ಸ್ಪೆಕ್ಟರಮ್ಮ. ಆ ವಾರದಲ್ಲಿ ಅವರು ಯಾರ ಬಗ್ಗೆಯಾದರೂ ಆಡಿದ ಒಳ್ಳೆಯ ಮಾತು ಅದೊಂದೇ.

ಮುಖ್ಯಸ್ಥರು ಶುಕ್ರವಾರ ಹೋದರು, ಎಲ್ಲರೂ ಊಟಕ್ಕೆ ಎದ್ದ ಹೊತ್ತು ನೋಡಿಕೊಂಡು, ಹಿಂಬಾಗಿಲಿಂದ. ಅಳಿಯನಿಗೆ ಇನ್ನೊಬ್ಬ ಮಾವ ಸಿಗುವ ಆಸೆ ಇತ್ತೇನೋ, ಶನಿವಾರದವರೆಗೆ ನಿರ್ದೇಶಕಿಯ ಕೋಣೆಯ ಮುಂದೆ ಸುಳಿದಾಡಿ, ಆಕೆ ತಲೆಯೆತ್ತದಿದ್ದರಿಂದ ಅವನೂ ಹೋದ. ದೊಡ್ಡಮ್ಮ ಭಾನುವಾರದ ಬಸ್ಸಿಗೆ ಹೊರಟರು.

ಗುಬ್ಬಿ ಹೋಗಲಿಲ್ಲ.